ಬೂಸ್ಟರ್ ಇಲ್ಲದ ಬ್ರೇಕು

ನಿಮ್ಮ ಕಾರು ಓಡುತ್ತದೆಯೇ ಎಂದು ಎಲ್ಲರೂ ಕೇಳುತ್ತಿದ್ದರು. ನಿಲ್ಲುತ್ತದೆಯೇ ಎಂದು ಕೇಳಿದವಳು ನನ್ನ ಹೆಂಡತಿ ಸುಮ ಒಬ್ಬಳೇ. ಕೇಳುವ ಹಕ್ಕೂ ಅವಳಿಗಿತ್ತು. ತೊಂಬತ್ತರ ದಶಕದ ಜಯನಗರದಲ್ಲಿ ಆಟೋಗಳೂ ದಾರಿ ಬಿಡುತ್ತಿದ್ದ ನನ್ನ ಎಂಟು ಸಿಲಿಂಡರಿನ ಹಳೆಯ ಅಮೆರಿಕನ್ ಕಾರು, ಬನಶಂಕರಿಯ ಇಳಿಜಾರಿನಲ್ಲಿ ಒಮ್ಮೆ ಎಷ್ಟು ತುಳಿದರೂ ಕೇಳದೆ, ಯಾರದೋ ಗೇಟು ತಳ್ಳಿಕೊಂಡು ಒಳಹೋಗಿ ತುಳಸಿಕಟ್ಟೆಗೆ ಗೇಣು ದೂರದಲ್ಲಿ ನಿಂತಿತ್ತು. ಪಕ್ಕದಲ್ಲಿ ಸುಮ ಇದ್ದಳು. ಅಂದು ಇಳಿದವಳು ಮತ್ತೆ ಹತ್ತಲಿಲ್ಲ. ಉತ್ತರಹಳ್ಳಿಯ ತವರಿಗೆ ಅವಳು ಬಸ್ಸಿನಲ್ಲಿ ಹೋದರೆ, ನಾನು ಖಾಲಿ ಕಾರಿನಲ್ಲಿ ಆ ಬಸ್ಸಿನ ಹಿಂದೆ ಹೋಗುತ್ತಿದ್ದೆ. ಗಂಡನಾದವನಿಗೆ ಇದಕ್ಕಿಂತ ದೊಡ್ಡ ಅವಮಾನ ಬೇಕೆ?

ಡಿಸ್ಕ್ ಬ್ರೇಕ್ ಹಾಕಿಸಿಯೇ ತೀರುವುದೆಂದು ನಿರ್ಧರಿಸಿದೆ. ವಿಲ್ಸನ್ ಗಾರ್ಡನ್ನಿನ ಮೆಕ್ಯಾನಿಕ್ ಮುನಿಯಪ್ಪನೂ ಒಪ್ಪಿದ. ತಕರಾರು ಬಂದದ್ದು ಬೂಸ್ಟರಿನ ವಿಷಯಕ್ಕೆ. ಎಂಜಿನ್ನು ಗಾಳಿ ಹೀರುವ ಬಲದಿಂದ ನಮ್ಮ ಕಾಲಿಗೆ ನೆರವಾಗುವ ಡಬ್ಬಿ ಅದು.

"ಬೂಸ್ಟರ್ ಇಲ್ದೆ ಡಿಸ್ಕ್ ಬೇಡ ಸಾರ್. ತುಳಿದೂ ತುಳಿದೂ ಕಾಲು ಹೋಗುತ್ತೆ."

"ಹೋಗ್ಲಿ ಬಿಡಪ್ಪ, ಕಾಲು ನಂದು ತಾನೆ," ಎಂದೆ.

ನನ್ನ ಹಟಕ್ಕೂ ಕಾರಣವಿತ್ತು. ಈ ಎಂಜಿನ್ನು ನಿಂತಲ್ಲಿ ಗುಡುಗುಟ್ಟುವಾಗ ಅದಕ್ಕೇ ಉಸಿರು ಸಾಲದು. ಸಿಗ್ನಲ್ ಕಂಡರೆ ನಂದಿಹೋಗುವ ಅಭ್ಯಾಸ ಬೇರೆ; ಅದು ನಂದಿದರೆ ಬೂಸ್ಟರೂ ಸತ್ತಂತೆ. ತಾನೇ ಏದುಸಿರು ಬಿಡುವವನನ್ನು ನಂಬಿ ಹೆಂಡತಿಯನ್ನು ಕೂರಿಸಲೇ? ಸನ್ನೆಕೋಲು ಕೊಟ್ಟರೆ ಭೂಮಿಯನ್ನೇ ಎತ್ತುತ್ತೇನೆಂದು ಗ್ರೀಸಿನ ಪಂಡಿತನೊಬ್ಬ ಹೇಳಿದನಂತೆ. ಉತ್ತರಹಳ್ಳಿಯಲ್ಲಿ ಏತ ತುಳಿದು ಬೇಸಾಯ ಮಾಡಿದ ನಮ್ಮ ಮಾವನವರು ಎತ್ತಿದ್ದು ಸೊಪ್ಪಿನ ಮಡಿಗೆ ಬೇಕಾದಷ್ಟು ನೀರು ಮಾತ್ರ, ಆದರೆ ನಿಜವಾಗಿ ಎತ್ತಿದರು. ಮರ ಉದ್ದವಿದ್ದರೆ ಕಾಲಿನ ಭಾರವೇ ಸಾಕು ಎನ್ನುತ್ತಿದ್ದರು. ಅದನ್ನೇ ನಂಬಿ ಪೆಡಲಿನ ಸನ್ನೆಯನ್ನು ಉದ್ದ ಮಾಡಿಸಿದೆ, ಒತ್ತಡ ಹೆಚ್ಚಲೆಂದು ಬ್ರೇಕ್ ಎಣ್ಣೆ ತಳ್ಳುವ ಸಿಲಿಂಡರನ್ನು ಸಣ್ಣದು ಹಾಕಿಸಿದೆ. ಮುನಿಯಪ್ಪ ಗೊಣಗುತ್ತಲೇ ಮಾಡಿಕೊಟ್ಟ.

ಆಯುಧಪೂಜೆಯ ದಿನ ಸುಮ ಕಾರಿನ ಮೂತಿಗಷ್ಟೇ ಅಲ್ಲ, ಬ್ರೇಕ್ ಪೆಡಲಿಗೂ ಅರಿಶಿನ ಕಲಸಿ ಹಚ್ಚಿ ಕುಂಕುಮ ಇಟ್ಟಳು. ಪೂಜೆ ಮಾಡಿದ್ದನ್ನು ಚಪ್ಪಲಿ ಕಾಲಿನಲ್ಲಿ ತುಳಿಯುವುದುಂಟೆ? ಬರಿಗಾಲಿನಲ್ಲಿ ಕುಳಿತೆ. ಚಕ್ರಗಳು ನಿಂಬೆಹಣ್ಣು ಹಿಸುಕಿದ್ದಾಯಿತು.

"ನಾನು ಹೇಳಿದ ಕಡೆ ನಿಲ್ಲಿಸ್ಬೇಕು. ಇಲ್ದಿದ್ರೆ ಇದೇ ಕೊನೆ," ಎಂದು ಸುಮ ಪಕ್ಕ ಹತ್ತಿದಳು.

ಉತ್ತರಹಳ್ಳಿ ರಸ್ತೆಯ ಇಳಿಜಾರಿನಲ್ಲಿ ಲಾರಿಯೊಂದು ಅಡ್ಡ ತಿರುಗಿತು. "ನಿಲ್ಸಿ," ಎಂದಳು. ತುಳಿದೆ. ಹಸಿ ಅರಿಶಿನಕ್ಕೆ ಕಾಲು ಜಾರಿತು. ನನಗೆ ನಿಜವಾಗಿ ಭಯವಾಯಿತು. ಸೀಟಿಗೆ ಬೆನ್ನು ಊರಿ, ಮೈಯ ಭಾರವನ್ನೆಲ್ಲ ಹಾಕಿ ಮತ್ತೆ ತುಳಿದೆ. ಎಂಜಿನ್ನು ಎಂದಿನಂತೆ ನಂದಿಹೋಯಿತು. ಕಾರು ಮಾತ್ರ ನಿಂತಿತು. ಲಾರಿಗೂ ನಮಗೂ ನಡುವೆ ಒಂದು ಹಸು ನಿಲ್ಲುವಷ್ಟು ಜಾಗ ಉಳಿದಿತ್ತು.

ಗೆದ್ದೆನೆಂಬ ಜಂಬದಲ್ಲಿ ಪಕ್ಕಕ್ಕೆ ತಿರುಗಿದೆ. ಸುಮ ತನ್ನ ಕಡೆ ಪೆಡಲೇ ಇಲ್ಲದಿದ್ದರೂ ಎರಡೂ ಕಾಲನ್ನು ಮುಂದಿನ ತಗಡಿಗೆ ಒತ್ತಿ ಹಿಡಿದು ಕುಳಿತಿದ್ದಳು.

"ಬಿಡು, ನಿಂತಿದೆ," ಎಂದೆ.

"ಬೂಸ್ಟರ್ ಬೇಡ ಅಂದ್ರಲ್ಲ, ಅದಕ್ಕೆ ನಾನೂ ತುಳಿದೆ," ಎಂದಳು. ಇಳಿಯಲಿಲ್ಲ. "ನಡೀರಿ, ಅಪ್ಪ ಕಾಯ್ತಿರ್ತಾರೆ."

ಯಾರ ನೆರವೂ ಬೇಡವೆಂದು ಹಟ ಹಿಡಿದವನ ಕಾರಿಗೆ ಅಂದಿನಿಂದ ಮೂರು ಕಾಲು ಬ್ರೇಕ್ ಹಾಕುತ್ತವೆ. ಒಂದು ನನ್ನದು.