ನಿಖತ್ ಮತ್ತೆ ಕತ್ತರಿ ಹಿಡಿದಳು

ಸಕಲೇಶಪುರದ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ರವಿಕೆ ಹೊಲಿಯುತ್ತಿದ್ದ ನಿಖತ್‌ಗೆ ಆಗ ಇಪ್ಪತ್ತೊಂಬತ್ತು ವರ್ಷ. ಹೊಂಗಡಹಳ್ಳದ ಕಡೆಯ ಹೆಂಗಸರೂ ಅವಳ ಹೊಲಿಗೆಯೇ ಬೇಕೆಂದು ಬರುತ್ತಿದ್ದರು. 1998ರ ಒಂದು ಬೆಳಿಗ್ಗೆ, ಪಕ್ಕದ ಮನೆ ಗಂಗಾಮಣಿಯ ಅಳತೆ ತೆಗೆಯುತ್ತಿದ್ದಾಗ ಟೇಪು ಕೈಯಿಂದ ಜಾರಿತು. ಎತ್ತಿಕೊಳ್ಳಲು ಬಗ್ಗಿದವಳು ಹಾಗೇ ಗೋಡೆಗೆ ಒರಗಿದಳು. ಬಾಯಿ ಸೊಟ್ಟಗಾಗಿತ್ತು. ಮಾತು ಹೊರಡಲಿಲ್ಲ.

ಓಣಿಯವರು ಸೇರಿದರು. "ಗಾಳಿ ಸೋಕೈತೆ, ಮಂತ್ರ ಹಾಕ್ಸಿ," ಎಂದರು ಒಬ್ಬರು. "ಲಕ್ವ ಹೊಡಿಯೋಕೆ ಇವಳೇನು ಮುದುಕಿನಾ?" ಎಂದರು ಇನ್ನೊಬ್ಬರು.

"ನಮ್ಮ ಮಾವಂಗೂ ಹಿಂಗೇ ಆಗಿತ್ತು ಕಣ್ರೀ. ನಿಂತ್ಕಂಡ್ರೆ ಹೊತ್ತು ಹೋಗ್ಬುಡ್ತೈತೆ," ಎಂದ ಗಂಗಾಮಣಿ, ನಿಖತ್‌ಳ ಗಂಡ ಅಸಾದುಲ್ಲಾನಿಗೆ ಹೇಳಿಕಳಿಸಿ ಅವನ ಜೀಪು ತರಿಸಿದಳು. ನಿಖತ್‌ಳ ತಾಯಿ ಮೆಹಬೂಬ್ ಬೀಯನ್ನೂ ಹತ್ತಿಸಿಕೊಂಡು ಎಲ್ಲರೂ ಹಾಸನಕ್ಕೆ ಹೋದರು.

ಡಾಕ್ಟರು ಬಹಳ ಹೊತ್ತು ಎದೆಬಡಿತ ಆಲಿಸಿದರು. "ಚಿಕ್ಕಂದಿನಲ್ಲಿ ಜ್ವರ ಬಂದು ಕೀಲು ಊದಿಕೊಂಡಿತ್ತಾ?"

"ಹೌದು ಸಾರ್, ಹತ್ತು ವರ್ಷದವಳಿದ್ದಾಗ," ಎಂದಳು ಮೆಹಬೂಬ್ ಬೀ. "ಮಂಡಿಗೆ ಎಣ್ಣೆ ತಿಕ್ಕಿದ್ವಿ, ವಾಸಿಯಾಯ್ತು."

"ಮಂಡಿ ವಾಸಿಯಾಯ್ತಮ್ಮ. ಹೃದಯದ ಕವಾಟ ಹಾಳಾಯ್ತು. ಅಲ್ಲಿ ಹೆಪ್ಪುಗಟ್ಟಿದ ರಕ್ತದ ಚೂರು ಮಿದುಳಿಗೆ ಹೋಗಿದೆ. ಇದಕ್ಕೆ ಮುದುಕಿಯೇ ಆಗಬೇಕೆಂದಿಲ್ಲ."

ಜೀವ ಉಳಿಯಿತು. ರಕ್ತ ಹೆಪ್ಪುಗಟ್ಟದಂತೆ ದಿನವೂ ಮಾತ್ರೆ, ಆ ಹಳೇ ಜ್ವರ ಮರುಕಳಿಸದಂತೆ ಮೂರು ವಾರಕ್ಕೊಂದು ಇಂಜೆಕ್ಷನ್, ಆಗಾಗ ಹಾಸನದಲ್ಲಿ ರಕ್ತಪರೀಕ್ಷೆ ಶುರುವಾದವು. ಆದರೆ ಮಾತು ಇನ್ನೂ ಬಂದಿರಲಿಲ್ಲ, ಬಲಗೈ ತನ್ನದಲ್ಲವೆಂಬಂತೆ ಮಡಿಲಲ್ಲಿ ಬಿದ್ದಿರುತ್ತಿತ್ತು. ಹೊಲಿಗೆ ಯಂತ್ರಕ್ಕೆ ಬಟ್ಟೆ ಮುಚ್ಚಲು ಬಂದ ಗಂಡನನ್ನು ನಿಖತ್ ಕಣ್ಣಲ್ಲೇ ತಡೆದಳು. ಗಂಗಾಮಣಿ ಒಂದು ಮೊರ ಕಾಫಿ ಬೀಜ ತಂದು ಮುಂದಿಟ್ಟಳು. "ಈ ಬಲಗೈಲೇ ಒಂದೊಂದೇ ಹೆಕ್ಕು. ಅವಸರ ಏನೈತೆ?"

ಮೊದಲ ದಿನ ಎರಡು ಬೀಜ ಹೆಕ್ಕುವಷ್ಟರಲ್ಲಿ ನಿಖತ್ ಬೆವತು ಅತ್ತುಬಿಟ್ಟಳು. ಮರುದಿನ ಐದು. ಮಳೆಗಾಲ ಮುಗಿಯುವ ಹೊತ್ತಿಗೆ ಮೊರ ಖಾಲಿಯಾಗತೊಡಗಿತು, ಮಾತೂ ಮರಳಿತು. ಚಳಿಗಾಲದಲ್ಲಿ ಹಳೇ ಪತ್ರಿಕೆಗಳನ್ನು ಕತ್ತರಿಸಿ ಕತ್ತರಿಸಿ ರಾಶಿ ಹಾಕಿದಳು.

ಮರುವರ್ಷ ಜೂನ್‌ಗೆ ಮೊದಲು ಹೆಣ್ಣುಮಕ್ಕಳ ಶಾಲೆಗೆ ಹೋಗಿ ಸಮವಸ್ತ್ರ ಹೊಲಿಯಲು ಬಟ್ಟೆ ಕೇಳಿದಳು. ಮುಖ್ಯೋಪಾಧ್ಯಾಯಿನಿ ಹೇಮಶ್ರೀ ಹಿಂದೆಮುಂದೆ ನೋಡಿದರು. "ಒಂದೇ ಒಂದು ಕೊಟ್ಟು ನೋಡಿ ಮೇಡಂ," ಎಂದಳು ನಿಖತ್.

ಆ ಒಂದು ಮೂವತ್ತೆರಡಾಯಿತು. ಶಾಲೆ ಶುರುವಾಗುವ ಮುನ್ನಾದಿನ ಹೇಮಶ್ರೀ ಲಂಗಗಳನ್ನು ಒಳಮಗ್ಗುಲಾಗಿ ತಿರುವಿ, ಹೊಲಿಗೆಯ ಮೇಲೆ ಬೆರಳಾಡಿಸಿ, ಒಂದರಲ್ಲೂ ತಪ್ಪು ಕಾಣದೆ ನಕ್ಕರು.

"ಹುಡುಗರ ಶಾಲೆಯವರೂ ಟೈಲರ್ ಹುಡುಕ್ತಿದ್ದಾರೆ. ಹೇಳಲಾ?"

"ಹೇಳಿ," ಎಂದಳು ನಿಖತ್. "ಆದ್ರೆ ಅವರಿಗೆ ಒಂದು ವಾರ ಕಾಯೋಕೆ ಹೇಳಿ ಮೇಡಂ. ರವಿಕೆಗಳೂ ಬಂದಿವೆ, ಕೈತುಂಬ ಕೆಲಸ ಇದೆ."