ಕಂದಕದ ಬಾಯಿ ಮುಚ್ಚಗೊಡದ ಲಾರ್ಬಿ

ಬಿಸಿಲು ಇನ್ನೂ ಕೋಟೆಗೋಡೆಯನ್ನು ಮುಟ್ಟಿಲ್ಲ. ಕೆಳಗೆ ಕಂದಕದ ಉಪ್ಪುನೀರಿನಲ್ಲಿ ಲಾರ್ಬಿ ಮೆಸೂದ್ ಚಪ್ಪಟೆ ದೋಣಿಯ ಮೇಲೆ ಕಾಲೂರಿ ನಿಂತು ಪಾಚಿ ಎಳೆಯುತ್ತಿದ್ದಾರೆ. ಅವರನ್ನು ಮಾತಾಡಿಸಲು ಬಂದ ನಾನು ದೋಣಿಯ ಹಿಂತುದಿಯಲ್ಲಿ ಕೂತಿದ್ದೇನೆ. ಅವರ ಉದ್ದ ಕೋಲಿನ ತುದಿಗೆ ಕಬ್ಬಿಣದ ಹಲ್ಲುಗಳು. ಮುಳುಗಿಸಿ, ತಿರುವಿ ಎಳೆದರೆ ಕಂದು ಪಾಚಿ ಒದ್ದೆ ಕಂಬಳಿಯ ಹಾಗೆ ಎದ್ದು ಬರುತ್ತದೆ.

"ಏನ್ ಲಾರ್ಬಿ, ಇವತ್ತು ಸಮುದ್ರಾನೇ ಬಾಚಿ ಹಾಕ್ತೀಯೇನೋ?" ಗೋಡೆಯ ಮೇಲಿನಿಂದ ಸಾರ್ಜೆಂಟ್ ಕುಸ್ತೋದಿಯೊ ಕೂಗುತ್ತಾರೆ. ಇಬ್ಬರೂ ಒಂದೇ ಓಣಿಯಲ್ಲಿ ಬೆಳೆದವರು.

"ನೀನ್ ಮೇಲೆ ನಿಂತು ಗಾಳಿ ಕುಡಿ. ನಾನ್ ಇಲ್ಲಿ ದೇಶ ಕಾಯ್ತೀನಿ!"

ತಮಾಷೆಯ ಮಾತಾದರೂ ಸುಳ್ಳಲ್ಲ. ಈ ಊರು, ಸೆಯುಟಾ, ಆಫ್ರಿಕಾದ ದಡದಲ್ಲಿರುವ ಸ್ಪೇನಿನ ತುಣುಕು. ಮೂರು ಕಡೆ ಕಡಲು, ಒಂದು ಕಡೆ ಮೊರಾಕೊ. ಹಗೆಯನ್ನು ತಡೆಯಲೆಂದು ಊರಿನ ಕತ್ತಿನಲ್ಲಿ ಅಗೆದ ಕಂದಕ ಉತ್ತರದ ಕಡಲನ್ನು ದಕ್ಷಿಣದ ಕಡಲಿಗೆ ಕೂಡಿಸುತ್ತದೆ. ಈಗ ಸೇನೆಯ ಕಾವಲು ದೋಣಿಗೆ ಇದೇ ಒಳದಾರಿ. ಇದು ಕಟ್ಟಿಕೊಂಡರೆ ಊರಿನ ಮೂಡಲ ತುದಿಯ ಗುಡ್ಡವನ್ನೇ ಸುತ್ತಬೇಕು. ಮೂಡಗಾಳಿ ಬೀಸುವಾಗ ಅಲ್ಲಿನ ಅಲೆಗಳ ಜೊತೆ ಹುಡುಗಾಟ ನಡೆಯುವುದಿಲ್ಲ. ಕಂದಕಕ್ಕೆ ಪಾಚಿ ನುಗ್ಗುವುದೂ ಅದೇ ಗಾಳಿಗೆ.

ಲಾರ್ಬಿಯವರ ಅಜ್ಜ ಇದೇ ದಂಡಿನಲ್ಲಿ ಸಿಪಾಯಿ, ಅಪ್ಪ ಇದೇ ಗೋಡೆಗೆ ಕಲ್ಲು ಕೂರಿಸಿದವರು. ಅಕ್ಕನನ್ನು ಕೊಟ್ಟಿರುವುದು ಗಡಿಯಾಚೆಯ ಕಾಸ್ತಿಯೆಹೋಸ್ ಊರಿಗೆ. ಹಿಂದಿನ ವರ್ಷ ಬಕ್ರೀದಿಗೆ ಅಲ್ಲಿಗೆ ಹೊರಟಾಗ ಗಡಿಯಾಚೆ ಎದುರಿಗೆ ಕಾಣುವ ಬೆಟ್ಟ ಮೋಡದ ಟೋಪಿ ಹಾಕಿಕೊಂಡಿತ್ತು. ಮೂಡಗಾಳಿಯ ಗುರುತು ಅದು, ಇಲ್ಲಿನ ಎಲ್ಲರಿಗೂ ಗೊತ್ತು.

"ಗಾಳಿ ಸಂಜೆಗೆ ಬಿಡುತ್ತೆ ಅಂದ್ಕೊಂಡೆ," ಎನ್ನುತ್ತಾರೆ ಲಾರ್ಬಿ. " ಅಕ್ಕ ಕುರಿಮಾಂಸ ಮಾಡಿದ್ಲು, ಉಳ್ಕೊಂಡ್ಬಿಟ್ಟೆ. ಬೆಳಿಗ್ಗೆ ಗಡಿ ಸಾಲು ದಾಟಿ ಬರೋ ಹೊತ್ಗೆ ಸೇತುವೆ ಕೆಳಗೆ ಬೋಟು ಸಿಕ್ಕಾಕ್ಕೊಂಡಿತ್ತು, ಪಂಖಕ್ಕೆಲ್ಲ ಪಾಚಿ. ಆ ಕಡೆ ಒಬ್ಬ ಹುಡುಗ ಮೊರಾಕೊಯಿಂದ, ಕಡಲೊಳಗೆ ಚಾಚಿರೋ ಗಡಿ ಕಟ್ಟೆ ಸುತ್ತಿ ಈಜ್ತಾ ಬರ್ತಿದ್ದ. ಬೋಟು ಹೊತ್ಗೆ ಹೋಗೋಕಾಗ್ಲಿಲ್ಲ. ಸಿಕ್ಕಿದ್ದು ಹೆಣ."

ಹುಡುಗನ ಹೆಸರು ಯಾರಿಗೂ ತಿಳಿಯಲಿಲ್ಲ. ಮಣ್ಣು ಕೊಟ್ಟವರಲ್ಲಿ ಲಾರ್ಬಿಯೂ ಒಬ್ಬರು. ಅಂದಿನಿಂದ ಬೆಟ್ಟ ಟೋಪಿ ಹಾಕಿದರೆ ಹಬ್ಬವಿರಲಿ, ಜ್ವರವಿರಲಿ, ದೋಣಿ ಬಿಟ್ಟು ಕದಲುವುದಿಲ್ಲ. ಅಕ್ಕ ಬೈದುಕೊಂಡೇ ಬುತ್ತಿ ಕಳಿಸುತ್ತಾಳೆ.

ಆದರೆ ಸೇನೆಯ ಕಚೇರಿಯವರು ಬೇರೆಯೇ ಲೆಕ್ಕ ಹಾಕಿದ್ದಾರೆ. ಈ ಚಳಿಗಾಲದಲ್ಲಿ ಕಂದಕ ಇನ್ನೊಮ್ಮೆ ಕಟ್ಟಿಕೊಂಡರೆ ದಕ್ಷಿಣದ ಬಾಯಿಗೆ ಕಬ್ಬಿಣದ ಜಾಲರಿ ಹಾಕಿ, ದಾರಿಯನ್ನೇ ಮುಚ್ಚುತ್ತಾರಂತೆ. ಬೋಟು ಗುಡ್ಡ ಸುತ್ತಿಕೊಂಡು ಹೋಗಲಿ ಎನ್ನುತ್ತಾರೆ. ಕೇಳಿ ನನಗೆ ಸಿಟ್ಟು ಬರುತ್ತದೆ. ಲಾರ್ಬಿಗೆ ಬರುವುದಿಲ್ಲ; ಅವರು ಕೋಲಿಗೆ ಇನ್ನೆರಡು ಹಲ್ಲು ಕೂರಿಸಿಕೊಂಡಿದ್ದಾರೆ.

ನಾವು ಮಾತಾಡುತ್ತಿರುವಾಗಲೇ ಕುಸ್ತೋದಿಯೊ ಚೀರುತ್ತಾರೆ, "ಲಾರ್ಬಿ, ಬೋಟು! ಗಡಿ ಕಟ್ಟೆ ಹತ್ರ ಯಾರೋ ಈಜ್ತಿದಾನೆ, ದಾರಿ ಬಿಡು!"

ಲಾರ್ಬಿ ಕೊನೆಯ ಎಳೆತ ಎಳೆದು ದೋಣಿಯನ್ನು ಗೋಡೆಗೆ ಒತ್ತುತ್ತಾರೆ. ಕಾವಲು ದೋಣಿ ಎಲ್ಲೂ ತಡೆಯದೆ ದಕ್ಷಿಣಕ್ಕೆ ನುಗ್ಗುತ್ತದೆ. ಲಾರ್ಬಿ ಕೋಲನ್ನು ಅಡ್ಡ ಇಟ್ಟು ಕಂದಕದ ದಕ್ಷಿಣದ ಬಾಯಿಯನ್ನೇ ನೋಡುತ್ತಾರೆ. ಬಹಳ ಹೊತ್ತಿನ ಮೇಲೆ ಕಾವಲು ದೋಣಿ ಮರಳುತ್ತದೆ. ಅದರಲ್ಲಿ ಕಂಬಳಿ ಹೊದ್ದ ಒಬ್ಬ ಯುವಕ.

"ಜೀವ ಇದೆಯೇನೋ?" ಲಾರ್ಬಿ ಬೋಟಿನ ಸಿಪಾಯಿಗೆ ಕೂಗುತ್ತಾರೆ.

"ಇದೆ ಮಾರಾಯ! ವಾಪಸ್ ಕಳಿಸ್ತೀರಲ್ಲ ಅಂತ ನಮಗೇ ಬೈತಾ ಇದಾನೆ!"

"ಬೈಲಿ ಬಿಡು. ಬೈಯೋಕೆ ಉಸಿರಿದ್ಯಲ್ಲ."

ನಿಮ್ಮ ಆಸೆ ಏನು ಎಂದು ಕೇಳುತ್ತೇನೆ. ಅವರು ಬೆಟ್ಟದ ಕಡೆ ನೋಡುತ್ತಾರೆ. ಇವತ್ತೂ ಅದರ ತಲೆಯ ಮೇಲೆ ಮೋಡದ ಟೋಪಿ.

"ಜಾಲರಿ ಹಾಕೋದಾದ್ರೆ ನಾನ್ ಸತ್ತ ಮೇಲೆ ಹಾಕ್ಲಿ. ಸ್ವಲ್ಪ ಆ ಕಡೆ ಸರೀರಿ, ಪಾಚಿ ಬರ್ತಿದೆ."