ಶುವೈಖಿನಲ್ಲಿ ಹಿಮದ ಕಾಡು

ಅವರ ಎಡಗಿವಿಯ ಮೇಲ್ತುದಿ ಇರಲಿಲ್ಲ. ಇಲಿ ಕಡಿದ ರೊಟ್ಟಿಯ ಅಂಚಿನಂತೆ ಕಿವಿ ಅಲ್ಲಿ ಸಟ್ಟನೆ ಮುಗಿದುಬಿಡುತ್ತಿತ್ತು. ಕುವೈತಿನ ಸಾಲ್ಮಿಯಾದ ನಮ್ಮ ಕಟ್ಟಡಕ್ಕೆ ಹೊಸದಾಗಿ ಬಂದವರೆಲ್ಲ ಲಿಫ್ಟಿನಲ್ಲಿ ಅದನ್ನೇ ಕದ್ದು ನೋಡುತ್ತಿದ್ದರು. ಕಿವಿಯ ಯಜಮಾನರೂ ತಲೆ ಓರೆ ಮಾಡಿ, ಸರಿಯಾಗಿ ನೋಡಲು ಅನುಕೂಲ ಮಾಡಿಕೊಡುತ್ತಿದ್ದರು. "ಚಳಿ ತಿಂದದ್ದು. ಫಿನ್‌ಲೆಂಡಿನ ಚಳಿ. ಹೆದರ್ಬೇಡಿ, ಇಲ್ಲಿಯದ್ದು ತಿನ್ನುದಿಲ್ಲ," ಎನ್ನುತ್ತಿದ್ದರು.

ನಾನು ಮದುವೆಯಾಗಿ ಕುವೈತಿಗೆ ಬಂದದ್ದು ತೊಂಬತ್ತರ ದಶಕದ ಕೊನೆಯಲ್ಲಿ. ನನಗೆ ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸ. ಈ ಕಿವಿಯವರು ನಮ್ಮ ಮೇಲಿನ ಮನೆಯವರು. ಬಂದರಿನ ಕಡೆಯ ಶುವೈಖಿನಲ್ಲಿ ಒಂದು ಮೀನಿನ ಕೋಲ್ಡ್ ಸ್ಟೋರೇಜಿನ ಮ್ಯಾನೇಜರ್. ನಾನವರನ್ನು ಅಣ್ಣ ಎನ್ನುತ್ತಿದ್ದೆ. ಅವರು ನನ್ನನ್ನು, ನಮ್ಮೂರ ಕಡೆ ಕ್ರಿಶ್ಚಿಯನ್ ಹೆಂಗಸರನ್ನು ಕರೆಯುವಂತೆ, ಬಾಯಿ ಎನ್ನುತ್ತಿದ್ದರು. ಅವರ ಮನೆಮಾತು ತುಳು, ನನ್ನದು ಕೊಂಕಣಿ. ನಮ್ಮಿಬ್ಬರ ನಡುವೆ ಮಂಗಳೂರಿನ ಕನ್ನಡ.

ಹರೆಯದಲ್ಲಿ ಅವರು ಸರಕು ಹಡಗಿನ ಎಂಜಿನ್ ಕೋಣೆಯಲ್ಲಿದ್ದವರು. ಒಂದು ಚಳಿಗಾಲ ಅವರ ಹಡಗು ಕೆಟ್ಟು ಫಿನ್‌ಲೆಂಡಿನ ಉತ್ತರದ ಬಂದರೊಂದರಲ್ಲಿ ನಿಂತಿತು. ಅಷ್ಟರಲ್ಲಿ ಸಮುದ್ರವೇ ಹೆಪ್ಪುಗಟ್ಟಿತು. ಕಿವಿ ಹೋದದ್ದು ಅಲ್ಲಿ. ಆದರೆ ಅವರು ಆ ಊರನ್ನು ನೆನೆಯುತ್ತಿದ್ದುದು ಕಿವಿಗಾಗಿ ಅಲ್ಲ. ಬಂದರಿನ ಪಕ್ಕ ಒಂದು ಪುಟ್ಟ ಸಿನಿಮಾ ಹಾಲ್ ಇತ್ತಂತೆ. ಬೆಚ್ಚಗಿರುತ್ತದೆ ಎಂಬ ಒಂದೇ ಕಾರಣಕ್ಕೆ ಒಳಗೆ ಹೋದವರು ಆ ಚಳಿಗಾಲ ಮುಗಿಯುವವರೆಗೂ ಅಲ್ಲೇ ಕೂತರು. ಪರದೆಯ ಮೇಲೆ ಕಾಡಿನ ಕಾವಲು ಶಕ್ತಿಗೆ ವಂದಿಸದೆ ಮರ ಕಡಿದವನ ಕಥೆ, ಕರಡಿಯ ಹೆಸರನ್ನು ಬಾಯಿಬಿಟ್ಟು ಹೇಳಲು ಹೆದರುವ ಹಳ್ಳಿಯ ಕಥೆ, ನರಿಯೊಂದು ಬಾಲದಿಂದ ಹಿಮ ಬಾಚಿದಾಗ ಆಕಾಶಕ್ಕೆ ಹಾರುವ ಹಸಿರು ಕಿಡಿಗಳ ಕಥೆ. ಮಾತು ಒಂದೂ ಅರ್ಥವಾಗುತ್ತಿರಲಿಲ್ಲ.

"ಅರ್ಥ ಆಗ್ಲಿಕ್ಕೆ ಎಂತ ಉಂಟು ಬಾಯಿ?" ಎನ್ನುತ್ತಿದ್ದರು. "ನಮ್ಮಲ್ಲಿ ಹಂದಿಗೆ ದೈವ ಇಲ್ವಾ, ಹುಲಿಗೆ ಇಲ್ವಾ? ಅಲ್ಲಿ ಕರಡಿಗೆ ಉಂಟು. ನಮ್ಮ ದೈವಗಳ ದಾಯಾದಿಗಳು ಅವು. ಚಳಿಗೆ ಹೋಗಿ ನೆಲೆ ನಿಂತದ್ದು, ಅಷ್ಟೇ."

ಹಳೆಯ ಹಡಗಿನ ಗೆಳೆಯರಿಂದ ಅವರಿಗೆ ಮೊದಲು ಕ್ಯಾಸೆಟ್‌ಗಳು, ಆಮೇಲೆ ಡಿವಿಡಿಗಳು ಬರುತ್ತಿದ್ದವು. ಶುಕ್ರವಾರ ಮಧ್ಯಾಹ್ನ ಊಟವಾದ ಮೇಲೆ ಅವರ ಹಾಲಿನಲ್ಲಿ ಸಿನಿಮಾ. ಕಟ್ಟಡದಲ್ಲಿದ್ದ ನಮ್ಮೂರ ಕಡೆಯವರೆಲ್ಲ ಸೇರುತ್ತಿದ್ದೆವು. ಅವರು ಟಿವಿಯ ಪಕ್ಕ ಮೋಟು ಸ್ಟೂಲಿನಲ್ಲಿ ಕೂತು ಕಥೆ ಹೇಳುತ್ತಿದ್ದರು. ಹಿಮದ ಕಾಡಿನ ದೃಶ್ಯ ಬಂದರೆ ಮಾತ್ರ ಬೆರಳು ತುಟಿಗಿಟ್ಟು, ಎದ್ದು ಹೋಗಿ ಎಸಿ ನಿಲ್ಲಿಸಿಬಿಡುತ್ತಿದ್ದರು. ಆಗಸ್ಟ್ ತಿಂಗಳಲ್ಲಿಯೂ!

"ಬೇಯ್ಲಿಕ್ಕೆ ಕರ್ದದ್ದಾ ಇವರನ್ನು?" ಎಂದು ಅವರ ಹೆಂಡತಿ, ನಮಗೆಲ್ಲ ಅಕ್ಕ, ಒಳಗಿನಿಂದ ಕೂಗುತ್ತಿದ್ದರು.

"ಒಂಚೂರು ತಡಿ ಮಾರಾಯ್ತಿ. ಹಿಮದಲ್ಲಿ ಎಷ್ಟು ಮೌನ ಉಂಟು ಅಂತ ಗೊತ್ತಾಗುದು ಬೇಡ್ವಾ ಇವರಿಗೆ?"

ನಾವು ಬೆವರು ಒರೆಸಿಕೊಳ್ಳುತ್ತ ಹಿಮ ನೋಡುತ್ತಿದ್ದೆವು. ಮಕ್ಕಳು ಇಂಗ್ಲಿಷಿನಲ್ಲಿ ಗೊಣಗುತ್ತಿದ್ದವು. ಆದರೆ ಯಾವ ಮಗುವೂ ಎದ್ದು ಹೋದದ್ದು ನನಗೆ ನೆನಪಿಲ್ಲ.

ಹೀಗೇ ಕೆಲವು ವರ್ಷ ಕಳೆದ ಮೇಲೆ ಒಂದು ಶುಕ್ರವಾರ ಅವರು, "ನೋಡಿದ್ದು ಸಾಕು. ಇನ್ನು ನಾವೊಂದು ಮಾಡುವ," ಎಂದರು. ಎಲ್ಲರೂ ನಕ್ಕೆವು. ಅವರು ನಗಲಿಲ್ಲ.

ಕಥೆ ಅವರೇ ಕಟ್ಟಿದ್ದು. ಕಾಡು ಕೆಲವೊಮ್ಮೆ ಮನುಷ್ಯರನ್ನು ಮುಚ್ಚಿಬಿಡುತ್ತದೆ ಎಂದು ಫಿನ್‌ಲೆಂಡಿನವರು ನಂಬುತ್ತಿದ್ದರಂತೆ. ಮುಚ್ಚಿಹೋದವರಿಗೆ ಗೊತ್ತಿದ್ದ ದಾರಿಯೇ ಗುರುತು ಸಿಗುವುದಿಲ್ಲ, ಹಕ್ಕಿಯ ಸದ್ದೂ ಕೇಳಿಸುವುದಿಲ್ಲ, ಹುಡುಕಿ ಬಂದವರು ಪಕ್ಕದಲ್ಲೇ ಹಾದುಹೋದರೂ ಕಾಣುವುದಿಲ್ಲ. ಬಿಡಿಸಿಕೊಳ್ಳಬೇಕಾದರೆ ತೊಟ್ಟ ಬಟ್ಟೆಯನ್ನು ಒಳಮೈ ಹೊರಗೆ ಮಾಡಿ ತೊಡಬೇಕು. ಸೌದೆಗೆ ಹೋದ ಹೆಂಗಸೊಬ್ಬಳನ್ನು ಕಾಡು ಹೀಗೆ ಮುಚ್ಚುತ್ತದೆ; ಅವಳು ಹೇಗೆ ಮನೆಗೆ ಬಂದಳು ಎನ್ನುವುದೇ ಸಿನಿಮಾ. ಆ ಹೆಂಗಸು ನಾನಾಗಬೇಕೆಂದರು.

"ನನಗೆ ನಟನೆ ಬರುದಿಲ್ಲ ಅಣ್ಣ."

"ಬರುದು ಬೇಡ. ನೀವು ನಡೆದ್ರೆ ಸಾಕು."

ಆ ವರ್ಷವೇ ಊರಲ್ಲಿ ನನ್ನ ಅಮ್ಮ ತೀರಿಕೊಂಡಿದ್ದರು. ರಜೆ ಸಿಗದೆ ನಾನು ಮಣ್ಣಿಗೂ ಹೋಗಿರಲಿಲ್ಲ. ಅದು ಅಣ್ಣನಿಗೆ ಗೊತ್ತಿತ್ತು. ನಾನು ಒಪ್ಪಿಕೊಂಡೆ.

ಕುವೈತಿನಲ್ಲಿ ಹಿಮದ ಕಾಡು ಎಲ್ಲಿಂದ ತರುವುದು? ಅದಕ್ಕೆ ಅವರ ಬಳಿ ಉತ್ತರ ಸಿದ್ಧವಿತ್ತು. ದುರಸ್ತಿಗೆಂದು ಮೀನಿನ ಪೆಟ್ಟಿಗೆಗಳನ್ನೆಲ್ಲ ತೆಗೆದಿದ್ದರೂ ಇನ್ನೂ ತಂಪು ಆರಿಸಿರದ ದೊಡ್ಡದೊಂದು ಫ್ರೀಜರ್ ಕೋಣೆ. ಅನುಮತಿಗೆ ಕಂಪನಿಯ ಮಾಲೀಕನಾದ ಮುದುಕ ಕುವೈತಿಯ ದಿವಾನಿಯಾಕ್ಕೆ, ಅಲ್ಲಿಯ ಗಂಡಸರು ಅತಿಥಿಗಳೊಡನೆ ಕೂಡುವ ಬೈಠಕ್ಕಿಗೆ, ಹೋದರು. ಮಾಲೀಕ ಮೊದಲು ಇವರಿಗೆ ಬಿಸಿಲು ಹೊಡೆದಿದೆಯೇ ಎಂದು ಕೇಳಿದನಂತೆ. ಆಮೇಲೆ ಕಥೆ ಕೇಳಿ, "ನನ್ನ ಅಜ್ಜಿ ನೆಲಕ್ಕೆ ಬಿಸಿನೀರು ಚೆಲ್ಲುವ ಮೊದಲು ಬಿಸ್ಮಿಲ್ಲಾ ಎನ್ನುತ್ತಿದ್ದಳು. ಅಲ್ಲಿ ಕಣ್ಣಿಗೆ ಕಾಣದ ಜಿನ್‌ಗಳ ಮಕ್ಕಳಿದ್ದರೆ ಸರಿದು ಹೋಗಲಿ ಎಂದು," ಎಂದನಂತೆ. ಕೊನೆಗೆ, "ಯಲ್ಲಾ, ಆಗಲಿ, ಎರಡು ಶುಕ್ರವಾರ ತಗೊಳ್ಳಿ. ಯಾರಿಗಾದರೂ ಜ್ವರ ಬಂದರೆ ನೀವೇ ಹೊಣೆ," ಎಂದನಂತೆ.

ಮರಗಳನ್ನು ಕೊಟ್ಟವರು ನಮ್ಮ ಇಗರ್ಜಿಯ ಜನ. ಅಟ್ಟದಿಂದ, ಮಂಚದಡಿಯಿಂದ ಕ್ರಿಸ್‌ಮಸ್ ಮರಗಳು ಇಳಿದು ಬಂದವು. ಗಂಟೆ, ನಕ್ಷತ್ರಗಳನ್ನೆಲ್ಲ ಕಳಚಿ, ಅರ್ದಿಯಾ ಕಡೆಯ ಗೋದಾಮೊಂದರ ಪಿಕಪ್‌ನಲ್ಲಿ ಹೇರಿ ಶುವೈಖಿಗೆ ಸಾಗಿಸಿದೆವು. ತಂಪು ಕೊಳವೆಗಳ ಮೇಲೆ ಕಟ್ಟಿದ್ದ ಮಂಜನ್ನು ಅವರ ಕೆಲಸಗಾರರು ಕೆರೆದು ಕೊಂಬೆಗಳ ಮೇಲೆ ಉದುರಿಸಿದರು. ಮದುವೆ ವೀಡಿಯೊ ಮಾಡುತ್ತಿದ್ದ ಉಡುಪಿ ಕಡೆಯ ಒಬ್ಬರು ಕ್ಯಾಮೆರಾವನ್ನು ಕೂಸಿನಂತೆ ಶಾಲಿನಲ್ಲಿ ಸುತ್ತಿಕೊಂಡು ಬಂದರು. ಕಥೆಯಲ್ಲಿ ಬರುವ ಕರಡಿಗೆ ಹುಲಿವೇಷದ ಮುಖವಾಡವನ್ನೇ ತಿದ್ದಿ ಹಾಕೋಣ ಎಂದು ಅವರು ಹೇಳಿದಾಗ ಅಣ್ಣ ಸಿಟ್ಟಾದರು. "ಹೆಸರು ಹೇಳ್ಲಿಕ್ಕೇ ಹೆದರುವ ಪ್ರಾಣಿಯ ಮುಖ ತೋರಿಸುದಾ? ಉಸಿರು ತೋರಿಸುವ. ಸಾಕು." ಮರದ ಹಿಂದೆ ಕೂತು ಬಿಸಿ ಕೆಟಲಿನ ಆವಿ ಬಿಟ್ಟವರು ನನ್ನ ಗಂಡ. ಆಕಾಶದಲ್ಲಿ ನರಿಯ ಕಿಡಿ ಹಾರಿಸಲು ಟಾರ್ಚಿಗೆ ಹಸಿರು ಕಾಗದ ಕಟ್ಟಿ ಆಡಿಸಿದವರೂ ಅವರೇ.

ಎರಡನೆಯ ಶುಕ್ರವಾರ ಕೋಟು ತಿರುಗಿಸಿ ತೊಡುವ ದೃಶ್ಯ. ಸದ್ದಾಗದಿರಲೆಂದು ಫ್ರೀಜರಿನ ಫ್ಯಾನುಗಳನ್ನು ನಿಲ್ಲಿಸಿದ್ದರು. ಆ ಮೌನ ಎಂಥದ್ದೆಂದರೆ ನನ್ನ ಎದೆಬಡಿತ ನನಗೇ ಕೇಳಿಸುತ್ತಿತ್ತು. ಕೋಟು ಬಿಚ್ಚಿದೆ. ಒಳಮೈ ಹೊರಗೆ ಮಾಡಿ ತೋಳು ತೂರಿಸಲು ಹೋದರೆ ಕೈ ಮರಗಟ್ಟಿತ್ತು, ಕೋಟಿನ ತೋಳು ಸಿಗಲಿಲ್ಲ. ಮತ್ತೆ ಹುಡುಕಿದೆ. ಸಿಗಲಿಲ್ಲ. ನಟಿಸುತ್ತಿದ್ದೇನೆ ಎನ್ನುವುದೇ ಮರೆತುಹೋಯಿತು. ಅಮ್ಮನ ಮನೆಯ ದಾರಿ, ಆ ಇಳಿಜಾರು, ಕೊನೆಯಲ್ಲಿ ಬಾಗಿಲು ಮುಚ್ಚಿದ ಮನೆ ಎಲ್ಲ ಒಟ್ಟಿಗೆ ಕಣ್ಣಮುಂದೆ ಬಂತು. ನಾನು ಅಲ್ಲೇ ಕುಸಿದು, "ಮಾಯ್, ಹಾಂವ್ ಯೆಂವ್ಕ್ ನಾ" ಎಂದು ಕೊಂಕಣಿಯಲ್ಲಿ ಅತ್ತುಬಿಟ್ಟೆ. ಅಮ್ಮಾ, ನಾನು ಬರಲಿಲ್ಲ ಎಂದು. ಅತ್ತು ಮುಗಿದಾಗ ಕೋಟಿನ ತೋಳು ತಾನಾಗಿ ಸಿಕ್ಕಿತು. ಎದ್ದು ನಡೆದೆ.

"ಖಲಾಸ್!" ಎಂದು ಕೂಗಿದ ಅಣ್ಣ ಓಡಿಬಂದು ತಮ್ಮ ದಪ್ಪ ಕೋಟನ್ನೇ ನನಗೆ ಹೊದೆಸಿ, ಹಾಲು ಹಾಕದ ಸುಲೈಮಾನಿ ಚಹಾದ ಲೋಟವನ್ನು ನನ್ನ ಎರಡೂ ಕೈಗಳ ನಡುವೆ ಹಿಡಿಸಿದರು. ಅವರ ಕಣ್ಣೂ ಒದ್ದೆಯಾಗಿತ್ತು. "ಬೇಡ ಅಂದ್ರೆ ಇದನ್ನು ಅಳಿಸುವ ಬಾಯಿ. ಸಿನಿಮಾಕ್ಕಿಂತ ನೀವು ದೊಡ್ಡವರು."

"ಇರ್ಲಿ ಅಣ್ಣ," ಎಂದೆ.

ನಮ್ಮ ಊರವರ ಸಂಘದ ವಾರ್ಷಿಕೋತ್ಸವದಲ್ಲಿ ಅದನ್ನು ತೋರಿಸುವುದೆಂದಾಯಿತು. ಅಧ್ಯಕ್ಷರಿಗೆ ಮನಸ್ಸಿರಲಿಲ್ಲ. "ನಮ್ಮ ಕಾರ್ಯಕ್ರಮದಲ್ಲಿ ಫಿನ್‌ಲೆಂಡ್ ಎಂತಕ್ಕೆ ಅಣ್ಣ? ಊಟದ ಹೊತ್ತಿಗೆ ಹಾಕುವ. ನೋಡುವವರು ನೋಡ್ತಾರೆ," ಎಂದರು.

"ಊಟದ ಹೊತ್ತಿಗೆ ಊಟ ಮಾಡುವ," ಎಂದರು ಅಣ್ಣ, ತಣ್ಣಗೆ. "ಇದನ್ನು ಅದಕ್ಕಿಂತ ಮೊದಲು ಹಾಕಿ. ಜನ ಎದ್ದು ಹೋದ್ರೆ ನಾನೇ ನಿಲ್ಲಿಸ್ತೇನೆ."

ಹಾಲ್ ತುಂಬಿತ್ತು. ಮಕ್ಕಳು ಓಡಾಡುತ್ತಿದ್ದರು, ಹಿಂದಿನ ಸಾಲುಗಳಲ್ಲಿ ಮಾತು ಜೋರಾಗಿತ್ತು. ಕಾಡು ನನ್ನನ್ನು ಮುಚ್ಚುವ ದೃಶ್ಯ ಬಂದಾಗ ಅಣ್ಣ ಎದ್ದು ಗೋಡೆಯ ಬಳಿ ಹೋಗಿ ಎಸಿಯನ್ನೇ ಆರಿಸಿದರು. ಅಧ್ಯಕ್ಷರು ಅರ್ಧ ಎದ್ದರು. ಆದರೆ ಅಷ್ಟರಲ್ಲಿ ಹಾಲಿಗೆ ಹಾಲೇ ಸ್ತಬ್ಧವಾಗಿತ್ತು. ಅವರು ಮೆಲ್ಲಗೆ ಮತ್ತೆ ಕೂತರು. ಪರದೆಯ ಮೇಲೆ ನಾನು ಅತ್ತಾಗ ಮಹಬೂಲಾದ ಕಾರ್ಮಿಕರ ಕ್ಯಾಂಪಿನಿಂದ ಬಂದಿದ್ದ ಗಂಡಸರ ಸಾಲಿನಲ್ಲಿ ಯಾರೋ ಬಿಕ್ಕಿದ್ದು ಕೇಳಿಸಿತು. ಅವರಲ್ಲಿ ವರ್ಷಗಟ್ಟಲೆ ಊರಿಗೆ ಹೋಗದವರಿದ್ದರು. ಸಿನಿಮಾ ಮುಗಿದ ಮೇಲೂ ಸೆಕೆಯ ಬಗ್ಗೆ ಒಬ್ಬರೂ ದೂರಲಿಲ್ಲ. ಅಧ್ಯಕ್ಷರು ಬಂದು ಅಣ್ಣನ ಕೈ ಹಿಡಿದು, "ಊಟ ಮಾಡಿ ಹೋಗಿ ಆಯ್ತಾ," ಎಂದರು.

ಹಡಗಿನ ಗೆಳೆಯರೊಬ್ಬರ ಮೂಲಕ ಸಿನಿಮಾದ ಪ್ರತಿ ಫಿನ್‌ಲೆಂಡಿನ ಉತ್ತರದ ಊರೊಂದನ್ನು ತಲುಪಿತು. ಅಲ್ಲಿ ಚಳಿಗಾಲದಲ್ಲಿ ಜಾನಪದದ ಸಿನಿಮಾಗಳ ಪುಟ್ಟ ಉತ್ಸವ ನಡೆಯುತ್ತದೆ. ಆಹ್ವಾನ ಬಂತು. ಆದರೆ ಆ ಹೊತ್ತಿಗೆ ಅಣ್ಣನಿಗೆ ಹೃದಯದ ಆಪರೇಷನ್ ಆಗಿತ್ತು. ಅಂಥ ಚಳಿಗೆ ಹೋಗಲೇಬಾರದೆಂದು ಡಾಕ್ಟರು ಖಂಡಿತವಾಗಿ ಹೇಳಿದ್ದರು. "ನೀವು ಹೋಗಿ," ಎಂದರು ನನಗೆ. "ಸ್ಟೇಜಿಗೆ ಕರೆದ್ರೆ ಮೊದಲು ಕನ್ನಡದಲ್ಲಿ ಮಾತಾಡಿ. ಇಂಗ್ಲಿಷ್ ಆಮೇಲೆ. ಒಂದಿಡೀ ಚಳಿಗಾಲ ನಾನು ಅರ್ಥ ಆಗದೆ ಅವರ ಭಾಷೆ ಕೇಳಿದ್ದೇನೆ. ಅವರೂ ಎರಡು ನಿಮಿಷ ನಮ್ಮದು ಕೇಳ್ಲಿ."

ಹೋದೆ. ಕನ್ನಡದಲ್ಲೇ ಮಾತಾಡಿದೆ. ನನ್ನನ್ನು ಕಳಿಸಿದವರು ಯಾರು, ಅವರು ಈ ದೇಶದಲ್ಲಿ ಏನು ನೋಡಿದರು ಎಂದೆಲ್ಲ ಹೇಳಿದೆ. ಅರ್ಥವಾಗದಿದ್ದರೂ ಜನ ಕದಲದೆ ಕೇಳಿದರು. ಸಿನಿಮಾ ಮುಗಿದ ಮೇಲೆ ಮುಂದಿನ ಸಾಲಿನ ಮುದುಕರೊಬ್ಬರು, ಕಾಡಿನಲ್ಲೇ ಬದುಕಿದವರಂತೆ ಕಾಣುತ್ತಿದ್ದರು, ಎದ್ದು ಇಂಗ್ಲಿಷಿನಲ್ಲಿ ಕೇಳಿದರು: "ನಮ್ಮ ಯಾವ ಕಾಡಿನಲ್ಲಿ ತೆಗೆದಿರಿ ಇದನ್ನು?"

"ಕುವೈತಿನ ಮೀನಿನ ಫ್ರೀಜರಿನಲ್ಲಿ," ಎಂದೆ. ಹಾಲ್ ಗೊಳ್ಳೆಂದು ನಕ್ಕಿತು. ಮುದುಕರು ನಗಲಿಲ್ಲ. "ನಾನು ಹುಡುಗನಾಗಿದ್ದಾಗ ಕಾಡು ನನ್ನನ್ನು ಮುಚ್ಚಿತ್ತು. ಹೀಗೇ ಇತ್ತು," ಎಂದು ನಿಂತೇ ಚಪ್ಪಾಳೆ ತಟ್ಟಿದರು. ಆಮೇಲೆ ಎಲ್ಲರೂ ಎದ್ದರು. ನಾನು ಬಾಗಿ ನಮಸ್ಕಾರ ಮಾಡಿದೆ. ಅಷ್ಟು ಹೆಮ್ಮೆ ನನಗೆ ಅದಕ್ಕೆ ಮೊದಲೂ ಆಗಿರಲಿಲ್ಲ, ಆಮೇಲೂ ಆಗಿಲ್ಲ. ಫೋನಿನಲ್ಲಿ ಅಣ್ಣನಿಗೆ ಇದನ್ನೆಲ್ಲ ಹೇಳಿದೆ. "ಆ ಮುದುಕರು ಎಂತ ಹೇಳಿದ್ದು, ಇನ್ನೊಮ್ಮೆ ಹೇಳಿ," ಎಂದರು. ಹೇಳಿದೆ. ಮತ್ತೊಮ್ಮೆ ಹೇಳಿಸಿಕೊಂಡರು.

ನಿವೃತ್ತರಾಗಿ ಊರಿಗೆ ಮರಳಿದ ಮೇಲೆ ಅವರು ಹೆಚ್ಚು ಕಾಲ ಉಳಿಯಲಿಲ್ಲ. ಸುದ್ದಿ ತಿಳಿದು ನಾನು ಫೋನ್ ಮಾಡಿದಾಗ ಅಕ್ಕ ಅಳುತ್ತಲೇ ಹೇಳಿದರು: "ಆಸ್ಪತ್ರೆಯಲ್ಲೂ ಪಕ್ಕದ ಬೆಡ್ಡಿನವರಿಗೆಲ್ಲ ನಿನ್ನದೇ ಕಥೆ ಮಾರಾಯ್ತಿ. 'ನಮ್ಮ ಬಾಯಿ ಫಿನ್‌ಲೆಂಡಿನ ಸ್ಟೇಜಿನಲ್ಲಿ ನಿಂತು ಕನ್ನಡ ಮಾತಾಡಿದ್ದಾರೆ' ಅಂತ. ಪಿಕ್ಚರ್ ಮಾಡಿದ್ದು ತಾನು ಅಂತ ಮಾತ್ರ ಒಬ್ಬರಿಗೂ ಹೇಳ್ಲಿಲ್ಲ."

ಅವರು ಹೇಳದೆ ಹೋದದ್ದನ್ನು ನಾನು ಹೇಳುತ್ತೇನೆ, ಕೇಳಿದವರಿಗೂ ಕೇಳದವರಿಗೂ. ಆ ಸಿನಿಮಾ ಮಾಡಿದವರು ಅವರು.